ಹಳೆ ಫೋನಿಗೆ ಕಟ್ಟಿದ ಬುತ್ತಿ

ಟೀಂ… ಟೀಂ… ಟೀಂ…

ಮೇಜಿನ ಕೆಳಗಿನಿಂದ ಯುಪಿಎಸ್ ಕೂಗತೊಡಗಿದಾಗ ಬೆಳಗಿನ ಏಳು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಟ್ಯೂಬ್‌ಲೈಟು ಆರಿತು. ಚಿತ್ರದುರ್ಗದ ಕುರಿ ಸಾಕುವವರ ಸಂಘದ ಒಂದೇ ಕೋಣೆಯ ಕಚೇರಿಯಲ್ಲಿ ಕಂಪ್ಯೂಟರಿನ ಪರದೆಯೊಂದೇ ಉಸಿರು ಬಿಗಿಹಿಡಿದು ಬೆಳಗುತ್ತಿತ್ತು. ಆ ಯುಪಿಎಸ್ಸಿನ ಆಯುಷ್ಯ ಜಯಶೀಲಾಗೆ ಗೊತ್ತಿತ್ತು. ಹತ್ತು ನಿಮಿಷ. ಬ್ಯಾಟರಿಗೆ ಮನಸ್ಸು ಬಂದರೆ ಹನ್ನೆರಡು.

ಹೊರಗೆ ಮಾರುತೇಶನ ಬೈಕು ಆಗಲೇ ಸ್ಟಾರ್ಟ್ ಆಗಿ ನಿಂತಿತ್ತು. ಸಂಘದಿಂದ ಹಿಂಡು ಹಿಂಡಿಗೆ ಔಷಧಿ ಮುಟ್ಟಿಸುವವನು ಅವನು. ಹಿಂದಿನ ಸೀಟಿಗೆ ಜಂತುಹುಳದ ಔಷಧಿಯ ಡಬ್ಬಗಳನ್ನು ಹಗ್ಗದಲ್ಲಿ ಬಿಗಿದು, ಬಾಗಿಲಲ್ಲಿ ತಲೆಹಾಕಿದ.

"ಅಕ್ಕಾ, ಆತಾ?"

"ಎರಡಾದ್ವು. ಇನ್ನೊಂದೈತೆ ಕಣೋ, ಹಳೇ ಫೋನಿಂದು."

"ಇಬ್ಬನಿ ಆರಿದ್ರೆ ಕುರಿ ಬಿಟ್ಬಿಡ್ತಾರೆ. ಆಮೇಲೆ ನಾನು ಬಾಟ್ಲಿ ಹಿಡ್ಕಂಡು ಹೊಲದ ತುಂಬಾ ಓಡ್ಬೇಕು. ನಿಮ್ಮ ಚಿಗಪ್ಪನ ನಾಯಿಗೆ ಮೊದ್ಲೇ ನನ್ನ ಕಂಡ್ರೆ ಆಗಲ್ಲ."

"ನಾಯಿಗೆ ಗೊತ್ತಾಗ್ತೈತೆ ಬಿಡು, ಮನುಷ್ಯ ಎಂಥೋನು ಅಂತ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದವು, ಕಿವಿ ಮೇಜಿನ ಕೆಳಗಿತ್ತು.

ಜಯಶೀಲಾ ಆ ಸಂಘದ ಕಂಪ್ಯೂಟರ್ ಆಪರೇಟರು. ನಲವತ್ತೊಂದು ವರ್ಷದ ಹೆಂಗಸು. ಅರ್ಜಿ ತುಂಬುವುದು, ಲಸಿಕೆಯ ದಿನ ಬರೆದಿಡುವುದು, ಸಭೆಯ ನೋಟೀಸು ಟೈಪ್ ಮಾಡುವುದು ಅವಳಿಗೆ ಕೊಟ್ಟ ಕೆಲಸ. ಕೋಡ್ ಬರೆಯುವುದು ಯಾರೂ ಹೇಳಿದ್ದಲ್ಲ. ಮಗಳ ಪಾಠಕ್ಕೆಂದು ಕೊಂಡ ಫೋನಿನಲ್ಲಿ, ಮಗಳು ಮಲಗಿದ ಮೇಲೆ ವಿಡಿಯೋ ನೋಡುತ್ತ, ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯಲ್ಲಿ ಕಲಿತದ್ದು. ಗಂಡ ಕನಕರಾಜ್ ಮೊದಮೊದಲು, "ಈ ವಯಸ್ಸಿನಾಗೆ ಇದೇನೇ ನಿಂದು" ಎಂದಿದ್ದ. ಆಮೇಲೆ ತನ್ನ ಸೈಕಲ್ ಅಂಗಡಿಗೆ ಬಂದವರಿಗೆಲ್ಲ, ನಮ್ಮಾಕಿ ಕಂಪ್ಯೂಟ್ರಿಗೆ ಕುರಿ ಭಾಷೆ ಕಲಿಸ್ಯಾಳೆ ಎಂದು ಹೇಳಿಕೊಂಡು ತಿರುಗಿದ.

ಕುರಿ ಭಾಷೆ ಎಂದರೆ ತಪ್ಪೇನಿಲ್ಲ. ಔಷಧಿಯ ಬಾಟಲಿಯ ಮೇಲೆ ಇಷ್ಟು ಕಿಲೋ ತೂಕಕ್ಕೆ ಇಷ್ಟು ಎಂದು ಬರೆದಿರುತ್ತದೆ. ಬಯಲಿನಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಕುರಿಗಾರರು ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದು. ಎದೆಯ ಸುತ್ತನ್ನು ಗೇಣಿನಲ್ಲಿ ಅಳೆಯುತ್ತಾರೆ. ವಾರವನ್ನು ಸಂತೆಯಿಂದ ಎಣಿಸುತ್ತಾರೆ. ಅವಳು ಬರೆದ ಕೋಡಿನ ಕಟ್ಟು, ಅವಳ ಲೈಬ್ರರಿ, ಕೇಳುವುದೂ ಹಾಗೆಯೇ. ಹಲ್ಲೆಷ್ಟು? ಗೇಣೆಷ್ಟು? ಟಗರು ಬಿಟ್ಟು ಎಷ್ಟು ಸಂತೆ ಆಯ್ತು? ಆಮೇಲೆ ಇಷ್ಟು ಮಿಲಿ ಕುಡಿಸಿ ಎನ್ನುತ್ತದೆ. ಇಲ್ಲವೇ ಕೆಂಪಕ್ಷರದಲ್ಲಿ, ಬೇಡ, ಈ ಕುರಿಗೆ ಈಗ ಕುಡಿಸಬೇಡಿ ಎನ್ನುತ್ತದೆ. ಟಗರು ಹತ್ತಿದ ಮೊದಲ ಐದು ಸಂತೆಯೊಳಗೆ ಆ ಔಷಧಿ ಕುಡಿಸಿದರೆ ಕುರಿ ಕಂದು ಹಾಕುವ, ಗಬ್ಬ ಇಳಿದುಹೋಗುವ ಭಯವಿತ್ತು.

ಆ ಮೂರನೆಯ ಪ್ರಶ್ನೆಯನ್ನೇ ಅವಳು ಎಲ್ಲಕ್ಕಿಂತ ಮೊದಲು ಬರೆದದ್ದು. ಮಾಡದಕೆರೆಯ ಕಡೆ ಅಪ್ಪನ ಕುರಿಗಳ ಹಿಂದೆ ಅವಳು ನಡೆಯುತ್ತಿದ್ದಾಗ ಹನ್ನೊಂದು ವರ್ಷ. ಒಂದು ಬೆಳಿಗ್ಗೆ ಅಪ್ಪ ಬಾಟಲಿ ಮುಂದೆ ಹಿಡಿದು, "ಇದ್ರಾಗೆ ಏನು ಬರ್ದವ್ರೆ ಓದು ಮಗ" ಎಂದಿದ್ದ. ದೊಡ್ಡಕ್ಷರದ ಹೆಸರನ್ನು ಅವಳು ಗಟ್ಟಿಯಾಗಿ ಓದಿದ್ದಳು. ಕೆಳಗಿದ್ದ ಸಣ್ಣಕ್ಷರದ ಇಂಗ್ಲಿಷು ಬರುತ್ತಿರಲಿಲ್ಲ. ಬರುವುದಿಲ್ಲ ಎನ್ನಲು ನಾಚಿಕೆ. "ಅಷ್ಟೇ ಅಪ್ಪ" ಎಂದುಬಿಟ್ಟಿದ್ದಳು. ಮುಂದಿನ ತಿಂಗಳಿಡೀ ಕುರಿಗಳು ಒಂದೊಂದಾಗಿ ಕಂದು ಹಾಕಿದವು. ಅಪ್ಪ ಗಾಳಿಗೆ ಬೈದ, ಮೇವಿಗೆ ಬೈದ, ಯಾರದೋ ಕಣ್ಣು ಬಿತ್ತು ಎಂದ. ಮಗಳು ಓದಿದ್ದು ಅರ್ಧವೆಂಬುದು ಸಾಯುವವರೆಗೂ ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು, ಸಂಘದ ಕೆಲಸಕ್ಕೆ ಸೇರಿದ ವರ್ಷ, ಅಂಥದೇ ಒಂದು ಬಾಟಲಿಯನ್ನು ಕೈಗೆತ್ತಿಕೊಂಡಾಗ.

ಬರೆದದ್ದು ಒಂದೇ ಆದರೂ ಅದನ್ನು ಮೂರು ಕಡೆಗೆ ಕಟ್ಟಿ ಕಳಿಸಬೇಕಿತ್ತು. ಸಂಘದ ಕಂಪ್ಯೂಟರಿಗೆ ಒಂದು ಫೈಲು, ಹೊಸ ಫೋನುಗಳಿಗೆ ಒಂದು, ಹಳೆ ಫೋನುಗಳಿಗೆ ಒಂದು. ಈ ಬಂಡಲ್ ಕಟ್ಟುವ ಕೆಲಸವನ್ನು ಅವಳು ತನ್ನೊಳಗೆ ಬುತ್ತಿ ಎಂದೇ ಕರೆಯುತ್ತಿದ್ದಳು. ಮನೆಯಲ್ಲಿ ಉಣ್ಣುವವನಿಗೆ ಮುದ್ದೆ, ಸಾರು ಹಾಗೇ ಬಡಿಸಿದರಾಯಿತು. ಹತ್ತಿರದ ಹೊಲಕ್ಕೆ ಹೋಗುವವನಿಗೆ ಡಬ್ಬಿ ಸಾಕು. ಕುರಿ ಹೊಡೆದುಕೊಂಡು ಊರೂರು ದಾಟುವವನಿಗೆ ಮಾತ್ರ ಒಣರೊಟ್ಟಿ, ಚಟ್ನಿಪುಡಿ, ಭಾರವಾಗದ ಹಾಗೆ, ಹಳಸದ ಹಾಗೆ. ಹಳೆ ಫೋನಿಗೆ ಹೊಸ ಬಗೆಯ ಬರವಣಿಗೆ ಅರ್ಥವಾಗುವುದಿಲ್ಲ. ಪ್ರತಿ ಸಾಲನ್ನೂ ಹಳೆಯ ರೀತಿಗೆ ಇಳಿಸಬೇಕು. ಅದರಲ್ಲಿ ಜಾಗವೂ ಕಡಿಮೆ. ಆದ್ದರಿಂದ ಅದೊಂದು ಫೈಲಿಗೆ ಮಾತ್ರ, ಯಾರೂ ಕರೆಯದ ತುಣುಕುಗಳನ್ನೆಲ್ಲ ಉದುರಿಸಿಬಿಡು ಎಂದು ಕಟ್ಟುವ ಪ್ರೋಗ್ರಾಮಿಗೆ ಹೇಳಿಟ್ಟಿದ್ದಳು.

ಬಯಲಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಮಾರುತೇಶ ಮೆಮೊರಿ ಕಾರ್ಡಿನಲ್ಲಿ ಒಯ್ದು ಒಬ್ಬರ ಫೋನಿಗೆ ಹಾಕಿದರೆ, ಆ ಫೋನಿನಿಂದ ಪಕ್ಕದ ಹಿಂಡಿನ ಫೋನಿಗೆ, ಅಲ್ಲಿಂದ ಸಂತೆಯಲ್ಲಿ ಸಿಕ್ಕ ನೆಂಟನ ಫೋನಿಗೆ. ಕೈಬಿಟ್ಟು ಹೋದ ಫೈಲನ್ನು ವಾಪಸ್ಸು ಕರೆಯುವ ದಾರಿ ಅವಳಿಗೆ ಇರಲಿಲ್ಲ.

ಮೂರನೆಯದೂ ಮುಗಿಯಿತೆಂದು ಪರದೆಯ ಮೇಲೆ ಹಸಿರಕ್ಷರ ಬಂತು. ಕಾರ್ಡಿಗೆ ಇಳಿಸಿದಳು. ಪರೀಕ್ಷೆಗೆಂದು ಇಟ್ಟುಕೊಂಡ ಹಳೆ ಫೋನು ಡ್ರಾಯರಿನಲ್ಲಿತ್ತು. ಅದು ಏಳಲಿಕ್ಕೇ ನಾಲ್ಕು ನಿಮಿಷ ಬೇಕು. ಯುಪಿಎಸ್ಸಿನ ಕೂಗು ಈಗ ಎಡೆಬಿಡದ ಒಂದೇ ಎಳೆಯಾಗಿತ್ತು.

"ಅಕ್ಕಾ!"

ಮೊದಲೆರಡನ್ನು ನೋಡಿಯಾಗಿತ್ತು, ಸರಿಯಾಗಿದ್ದವು. ಒಂದೇ ಒಲೆಯಲ್ಲಿ ಬೆಂದದ್ದು ತಾನೆ ಎಂದುಕೊಂಡಳು. ಕಾರ್ಡನ್ನು ಅವನ ಅಂಗೈಗೆ ಹಾಕಿದಳು. ಬೈಕು ದಾವಣಗೆರೆ ರಸ್ತೆಯ ಕಡೆ ತಿರುಗುವ ಹೊತ್ತಿಗೆ ಪರದೆಯೂ ಕತ್ತಲಾಯಿತು.

ಕರೆಂಟು ಬಂದದ್ದು ಎಂಟು ಗಂಟೆಗೆ. ಅವಳು ಮೊದಲು ಡ್ರಾಯರನ್ನೇ ಎಳೆದಳು. ಹಳೆ ಫೋನು ನಿಧಾನವಾಗಿ ಎದ್ದಿತು. ಮೂರನೆಯ ಫೈಲನ್ನು ಅದಕ್ಕೆ ಇಳಿಸಿ ಪುಟ ತೆರೆದಳು. ಹಲ್ಲೆಷ್ಟು? ನಾಲ್ಕು. ಗೇಣೆಷ್ಟು? ಮೂರೂವರೆ. ಆರು ಮಿಲಿ ಕುಡಿಸಿ.

ಬೆರಳು ತಪ್ಪಿ ಎಲ್ಲೋ ಒತ್ತಿದೆ ಎಂದುಕೊಂಡಳು. ಮತ್ತೆ ಮೊದಲಿನಿಂದ. ಹಲ್ಲು, ಗೇಣು, ಆರು ಮಿಲಿ ಕುಡಿಸಿ.

ಮೂರನೆಯ ಪ್ರಶ್ನೆ ಬರಲೇ ಇಲ್ಲ.

ಮಾರುತೇಶನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಬೈಕಿನ ಮೇಲಿದ್ದಾಗ ಅವನು ಎತ್ತುವವನಲ್ಲ. ನಾಲ್ಕನೆಯ ಸಲಕ್ಕೆ ಸಿಕ್ಕಿದ.

"ಏನಕ್ಕ, ನಿಮ್ಗೆ ಹೆಂಗೆ ಗೊತ್ತಾತು? ಕ್ಲಚ್ ವೈರ್ ಕಿತ್ತೋಗೈತೆ, ರೋಡಲ್ಲಿ ನಿಂತೀನಿ."

"ಎಲ್ಲಿದೀಯ? ಭರಮಸಾಗರದಾಗಾ?"

"ಅದು ದಾಟಿ ಬಂದೆ. ಅಲ್ಲೆಲ್ಲ ಕೊಟ್ಟಾತು."

"ಯಾರ್ಯಾರಿಗೆ ಹಾಕ್ದೆ ಫೈಲು? ಬೇಗ ಹೇಳು."

ಅವಳ ದನಿಗೆ ಅವನ ತಮಾಷೆ ಇಳಿಯಿತು. "ಶಿವರಾಜಣ್ಣ. ಬಸಮ್ಮನ ಹಿಂಡು. ಆಮೇಲೆ ನಿಮ್ಮ ಚಿಗಪ್ಪ. ಯಾಕಕ್ಕ, ಏನಾತು?"

"ಗಬ್ಬದ ಕುರಿ ಕೇಳಾದೇ ಬಿಟ್ಟೈತೆ ಕಣೋ ಅದು. ಎಲ್ಲಕ್ಕೂ ಕುಡಿಸ್ರಿ ಅಂತೈತೆ."

ಆ ಕಡೆ ಒಂದು ಲಾರಿ ಹಾದುಹೋಯಿತು. ಅವಳು ಅವನ ಕರೆ ಮುಗಿಸಿ ಉಳಿದವರ ನಂಬರು ಒತ್ತಿದಳು.

ಶಿವರಾಜ್ ಸಿಕ್ಕಿದ, ಇನ್ನೂ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ. ಬಸಮ್ಮನ ಸೊಸೆ ಸಿಕ್ಕಳು, ಅಲ್ಲೂ ಕುಡಿಸಿರಲಿಲ್ಲ. ಚಿಕ್ಕಪ್ಪ ಪಾಪಣ್ಣನ ಫೋನು ಮಾತ್ರ ವ್ಯಾಪ್ತಿ ಪ್ರದೇಶದ ಹೊರಗಿದೆ ಎಂದಿತು. ಐದು ಸಲ ಹಾಗೆಯೇ ಎಂದಿತು.

ಎದ್ದು ಹೊರಡಬೇಕಿತ್ತು. ಬಾಗಿಲವರೆಗೆ ಹೋದಳು ಕೂಡ. ಬರಿಗೈಯಲ್ಲಿ ಹೋದರೆ ಇದೊಂದು ಹಿಂಡನ್ನು ನಿಲ್ಲಿಸಬಹುದು. ಆದರೆ ಆ ಫೋನುಗಳಲ್ಲಿರುವ ಕೆಟ್ಟ ಫೈಲು ನಾಳೆ ಇನ್ನೆಲ್ಲಿಗೆ ಹೋಗುತ್ತದೋ. ತಿರುಗಿ ಬಂದು ಕುಳಿತಳು. ಒಂದು ಕೈಯಲ್ಲಿ ಚಿಕ್ಕಪ್ಪನ ನಂಬರು ಒತ್ತುತ್ತ, ಇನ್ನೊಂದು ಕೈಯಲ್ಲಿ ಹುಡುಕಿದಳು.

ತಪ್ಪು ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೋದ ವಾರ ಮನೆ ಗುಡಿಸುವ ಹುರುಪಿನಲ್ಲಿ ಕೋಡನ್ನೆಲ್ಲ ಚೊಕ್ಕಟ ಮಾಡಿದ್ದಳು. ಗಬ್ಬದ ನಿಯಮವನ್ನು ಬೇರೆ ಫೈಲಿಗೆ ಎತ್ತಿಟ್ಟಿದ್ದಳು. ಆ ಫೈಲನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಒಳಗೆ ಬಂದು ನಿಂತರೆ ಸಾಕು, ಅದು ತಾನಾಗಿ ಪ್ರಶ್ನೆಗಳ ಸಾಲಿಗೆ ಸೇರಿಕೊಳ್ಳುತ್ತದೆ. ಅದೇ ದಿನ, ಎಲ್ಲೋ ನೋಡಿದ ಸಲಹೆಯನ್ನು ನಂಬಿ, ಇಲ್ಲಿ ಸುಮ್ಮನೆ ಬಂದು ನಿಂತು ಕೆಲಸ ಮಾಡುವ ಫೈಲು ಯಾವುದೂ ಇಲ್ಲವೆಂದು ಪ್ರೋಗ್ರಾಮಿಗೆ ಬರೆದುಕೊಟ್ಟಿದ್ದಳು. ಅದು ಅವಳ ಮಾತನ್ನು ನಂಬಿತು. ಹಳೆ ಫೋನಿನ ಬುತ್ತಿ ಕಟ್ಟುವಾಗ, ಕರೆಯುವವರಿಲ್ಲದ ಆ ಫೈಲನ್ನು ಉದುರಿಸಿತು. ಉಳಿದೆರಡರಲ್ಲಿ ಉದುರಿಸುವ ಕೆಲಸವೇ ಇರಲಿಲ್ಲವಾದ್ದರಿಂದ ಪ್ರಶ್ನೆ ಅಲ್ಲಿ ಉಳಿದುಕೊಂಡಿತ್ತು.

ತಿದ್ದಬೇಕಾಗಿದ್ದದ್ದು ಒಂದೇ ಪದ. ತಿದ್ದಿ, ಮತ್ತೆ ಕಟ್ಟಿ, ಹಳೆ ಫೋನಿಗೆ ಹಾಕಿ, ಪ್ರಶ್ನೆ ಬರುವುದನ್ನು ಮೂರು ಸಲ ಕಣ್ಣಾರೆ ನೋಡಿ, ಬೇರೊಂದು ಕಾರ್ಡಿಗೆ ಇಳಿಸುವಷ್ಟರಲ್ಲಿ ಹದಿಮೂರು ನಿಮಿಷ ಹೋಗಿತ್ತು.

ದಾವಣಗೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಅವಳು ನಿಂತೇ ಇದ್ದಳು.

"ಕುಂತ್ಕಳ್ರಿ ಅಕ್ಕಾರೆ, ನಿಂತ್ರೆ ಬಸ್ಸು ಜಲ್ದಿ ಹೋಗಲ್ಲ" ಎಂದ ಕಂಡಕ್ಟರು. ಸುತ್ತಲಿನವರು ನಕ್ಕರು. ಅವಳು ಕುಳಿತಳು, ಸೀಟಿನ ತುದಿಯಲ್ಲಿ. ಬೆಳಗಿನ ಇಬ್ಬನಿ ಇನ್ನೂ ಹೊಲಗಳ ಮೇಲಿತ್ತು. ಇಬ್ಬನಿ ಇರುವವರೆಗೆ ಕುರಿ ಮೇಯಲು ಬಿಡುವುದಿಲ್ಲ. ಕುರಿ ಬಿಡುವ ಮುಂಚೆ, ಖಾಲಿ ಹೊಟ್ಟೆಗೇ ಔಷಧಿ ಕುಡಿಸುವುದು. ಇಬ್ಬನಿ ಬೇಗ ಆರಲಿ ಎಂದು ಹಾರೈಸಬೇಕೋ, ಆರದಿರಲಿ ಎಂದು ಹಾರೈಸಬೇಕೋ ಅವಳಿಗೆ ತಿಳಿಯಲಿಲ್ಲ. ಆರಿದರೆ ಚಿಕ್ಕಪ್ಪ ಅವಸರದಲ್ಲಿ ಕುಡಿಸಿ ಮುಗಿಸುತ್ತಾನೆ. ಆರದಿದ್ದರೆ ಸಾವಧಾನವಾಗಿ ಒಂದನ್ನೂ ಬಿಡದೆ ಕುಡಿಸುತ್ತಾನೆ.

ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು ಪಾಪಣ್ಣ. ಸಂಕ್ರಾಂತಿ ಕಳೆದ ಮೇಲೆ ಮಾಡದಕೆರೆಯಿಂದ ಹಿಂಡು ಹೊಡೆದುಕೊಂಡು ಬಂದು ಭರಮಸಾಗರದ ಕೆರೆಯ ಹಿಂದಿನ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾನೆ. ಲೈಬ್ರರಿ ಬರೆದ ಹೊಸದರಲ್ಲಿ ಯಾವ ಕುರಿಗಾರನೂ ಅದನ್ನು ನಂಬದಿದ್ದಾಗ, ಮೊದಲು ತನ್ನ ಫೋನು ಚಾಚಿದವನೂ ಅವನೇ. "ಹಾಕು, ನಮ್ಮ ಹುಡುಗಿ ಬರ್ದಿದ್ದು" ಎಂದಿದ್ದ, ಹತ್ತು ಜನರ ಎದುರು.

ಬಸ್ಸಿಳಿದು ಕೆರೆಯ ಏರಿ ಹಿಡಿದು ಓಡಿದಳು. ಮೆಕ್ಕೆಜೋಳ ಕೊಯ್ದ ಕೂಳೆಗಳು ಚಪ್ಪಲಿಗೆ ಚುಚ್ಚುತ್ತಿದ್ದವು. ದೂರದಲ್ಲಿ ಬಲೆ ಸುತ್ತಿದ ಮಂದೆ ಕಂಡಿತು. ಮಂದೆಯ ಬಾಯಿಗೆ ಪಾಪಣ್ಣ ಕುಕ್ಕರಗಾಲಲ್ಲಿ ಕುಳಿತಿದ್ದ. ಒಂದು ಕುರಿಯ ದವಡೆ ಹಿಡಿದಿದ್ದ, ಸೂಜಿಯಿಲ್ಲದ ಸಿರಿಂಜು ಅದರ ಬಾಯಿಯ ಪಕ್ಕ ಇತ್ತು.

"ಚಿಗಪ್ಪಾ! ನಿಲ್ಸು! ಕುಡಿಸ್ಬ್ಯಾಡ!"

ಅವನು ತಲೆಯೆತ್ತಿದ. ಸಿರಿಂಜನ್ನು ಹಾಗೇ ಗಾಳಿಯಲ್ಲಿ ಹಿಡಿದ. ಕುರಿ ಕೊಸರಿಕೊಂಡು ಓಡಿತು.

"ಏನವ್ವ ಇದು, ಆಫೀಸಿನ ಚಪ್ಲಿ ಹಾಕ್ಕಂಡು ಹೊಲದಾಗೆ ಓಟ ಹಚ್ಚೀಯ!" ಒಲೆಯ ಮುಂದಿದ್ದ ಚಿಕ್ಕಮ್ಮ ಏಕನಾಥಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದಳು. "ಕನಕರಾಜು ಮನೆಯಿಂದ ಓಡಿಸಿದ್ನೇನು?"

ಜಯಶೀಲಾ ನೇರ ಮಂದೆಯ ಬಾಯಿಗೆ ಬಂದಳು. "ಎಷ್ಟಕ್ಕೆ ಕುಡಿಸಿದಿ ಚಿಗಪ್ಪ? ಎಷ್ಟಾದ್ವು?"

ಪಾಪಣ್ಣನ ಮುಖ ಗಂಟಿಕ್ಕಿತು. "ಮಂದೆ ಮುಂದೆ ನಿಂತ್ಕಂಡು ಕುರಿ ಎಣಿಕೆ ಕೇಳ್ತಾರೇನೇ? ಯಾವಾಗ ಕಲ್ತಿ ಇದ್ನ?"

ಅವಳು ತುಟಿ ಕಚ್ಚಿದಳು. ಅವರ ಹಟ್ಟಿಯಲ್ಲಿ ಕುರಿಯ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹಿಂಡು ಕರಗುತ್ತದೆ ಎಂದು ಅಜ್ಜನ ಕಾಲದಿಂದ ನಂಬಿಕೆ. ಅವನನ್ನು ಕೇಳಿ ಪ್ರಯೋಜನವಿರಲಿಲ್ಲ. ಬಲೆ ದಾಟಿ ಒಳಗೆ ಹೋದಳು. ಔಷಧಿ ಕುಡಿದ ಕುರಿಗೆ ತಲೆಯ ಮೇಲೆ ಕೆಮ್ಮಣ್ಣಿನ ಬೊಟ್ಟು ಇಡುವುದು ಪಾಪಣ್ಣನ ಪದ್ಧತಿ. ಟಗರು ಹತ್ತಿದ ಕುರಿಗೆ ಕೊರಳಲ್ಲಿ ಹಸಿರು ದಾರ. ಕುರಿಗಳು ಅವಳ ಮೊಣಕಾಲಿಗೆ ಒತ್ತಿಕೊಂಡು ಸರಿದವು, ಒಂದರ ಹಿಂದೆ ಒಂದು ಮರೆಯಾದವು, ಮತ್ತೆ ಕಂಡವು. ಕೆಂಪು ಇದ್ದದ್ದಕ್ಕೆ ಹಸಿರು ಇರಲಿಲ್ಲ. ಹಸಿರು ಇದ್ದದ್ದಕ್ಕೆ ಕೆಂಪು ಇರಲಿಲ್ಲ. ಆಮೇಲೆ ಬಲೆಯ ಮೂಲೆಯಲ್ಲಿ ಎರಡೂ ಇದ್ದ ಒಂದು ಕಂಡಿತು. ಅದರ ಪಕ್ಕ ಇನ್ನೊಂದು. ನಿಯಮ ಮುರಿದು, ತುಟಿ ಅಲುಗಿಸದೆ ಎಣಿಸಿದಳು. ಏಳು. ಏಳೂ ಒಟ್ಟಿಗೆ ನಿಂತಿದ್ದವು. ಈಗತಾನೆ ಕುಡಿದವು ಎಂಬಂತೆ ನಾಲಿಗೆಯಿಂದ ತುಟಿ ನೆಕ್ಕಿಕೊಳ್ಳುತ್ತಿದ್ದವು.

ಫೈಲು ತಿದ್ದುತ್ತ ಕುಳಿತದ್ದು ಹದಿಮೂರು ನಿಮಿಷ ಎಂದು ಅವಳ ತಲೆ ತಾನೇ ಲೆಕ್ಕ ಹಾಕಿತು.

"ಹಸಿರು ದಾರದವಕ್ಕೂ ಕುಡಿಸೀಯಲ್ಲ ಚಿಗಪ್ಪ." ಅವಳು ಒಂದರ ಕೊರಳ ದಾರವನ್ನು ಎತ್ತಿ ಹಿಡಿದಳು. "ನಿಂಗೆ ಗೊತ್ತಿತ್ತಲ್ಲ."

"ಗೊತ್ತಿತ್ತು." ಪಾಪಣ್ಣ ಫೋನನ್ನು ಕಲ್ಲಿನ ಮೇಲಿಂದ ಎತ್ತಿ ತೋರಿಸಿದ. "ಅವನ್ನ ಕಡೀಗೆ ಅಂತ ಇಟ್ಕಂಡಿದ್ದೆ. ನಾಲ್ಕು ಸಂತೆ ಅಂತ ಉತ್ರ ಬಾಯಾಗೇ ಇಟ್ಕಂಡು ಕುಂತಿದ್ದೆ. ಅದು ಕೇಳ್ಲೇ ಇಲ್ಲ. ಹೊಸದು ಹಾಕೀನಿ ಅಂದಿದ್ನಲ್ಲ ಮಾರುತೇಶ, ಔಷಧೀನೂ ಹೊಸದೇನೋ, ಗಬ್ಬಕ್ಕೂ ಅಡ್ಡಿಯಿಲ್ಲವೇನೋ ಅಂದ್ಕಂಡೆ. ನೀನು ನೋಡ್ದೆ ಕಳಿಸ್ತೀಯಾ?"

ಅವನು ಕುಟುಕಲಿಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದ.

"ನೋಡ್ದೇನೇ ಕಳಿಸ್ದೆ" ಎಂದಳು.

ಪಾಪಣ್ಣ ಸಿರಿಂಜನ್ನು ನೀರಿಗೆ ಹಾಕಿ ತೊಳೆಯತೊಡಗಿದ. ತೊಳೆದದ್ದನ್ನೇ ತೊಳೆದ. ಏಕನಾಥಮ್ಮ ಇಬ್ಬರನ್ನೂ ನೋಡಿ, ತಮಾಷೆಯ ಹೊತ್ತಲ್ಲವೆಂದು ಅರಿತು, ಲೋಟಕ್ಕೆ ಚಹಾ ಬಗ್ಗಿಸಿದಳು.

ಜಯಶೀಲಾ ಕಲ್ಲಿನ ಮೇಲೆ ಕುಳಿತು ಚಿಕ್ಕಪ್ಪನ ಫೋನಿಗೆ ಹೊಸ ಕಾರ್ಡು ಹಾಕಿದಳು. ಹಳೆ ಫೈಲನ್ನು ಅಳಿಸಿದಳು. ಹೊಸದನ್ನು ತೆರೆದು ನೋಡಿದಳು. ಹಲ್ಲೆಷ್ಟು, ಗೇಣೆಷ್ಟು, ಟಗರು ಬಿಟ್ಟು ಎಷ್ಟು ಸಂತೆ ಆಯ್ತು. ಬಂತು. ಆಗ ಅವಳದೇ ಫೋನು ರಿಂಗಾಯಿತು. ಕೆರೆಯ ಏರಿಯ ಈ ಬದಿಗೆ ಅದೃಷ್ಟವಿದ್ದಾಗ ಒಂದು ಗೀಟು ಸಿಗ್ನಲ್ ಸಿಗುತ್ತದೆ.

"ಅಕ್ಕಾ, ಬೈಬ್ಯಾಡ್ರಿ." ಮಾರುತೇಶನ ದನಿ ತುಂಡು ತುಂಡಾಗಿ ಕೇಳಿತು. "ಬೆಳಿಗ್ಗೆ ಚಾದಂಗಡೀಲಿ ಇನ್ನೊಬ್ರು ಹಾಕಿಸ್ಕಂಡ್ರು. ಈಗ ನೆಪ್ಪಾತು. ಗೊಲ್ಲಪ್ಪ ಅಂತ, ಹಿರಿಯೂರು ಕಡೆಯೋರು. ಸಂಘದೋರಲ್ಲ, ನಾನೇ ಹಾಕ್ಕಳ್ರಿ ಅಂದೆ."

"ನಂಬರು?"

"ಇಲ್ಲಕ್ಕ. ಕೆರೆ ಆ ದಂಡೇಲಿ ಅವ್ರ ಮಂದೆ ಐತೆ. ಎರಡು ಸಂತೆ ಆತು ಟಗರು ಬಿಟ್ಟು, ಒಂದೂ ಖಾಲಿ ಉಳ್ದಿಲ್ಲ ಅಂತ ಚಾ ಕುಡೀತಾ ಜಂಬ ಕೊಚ್ಕಂತಿದ್ರು. ಒಂಬತ್ತೂವರೆ ಮ್ಯಾಲೆ ಕುಡಿಸ್ತೀನಿ ಅಂ…"

ಸಿಗ್ನಲ್ ಹೋಯಿತು. ಫೋನಿನಲ್ಲಿ ಒಂಬತ್ತೂ ಇಪ್ಪತ್ತೆರಡು. ಅವಳು ನೀರಿನಾಚೆ ನೋಡಿದಳು. ಆ ದಂಡೆಯಲ್ಲಿ ಜಾಲಿಯ ಮೆಳೆಗಳ ಹಿಂದೆ ಕಪ್ಪು ಕಪ್ಪಾಗಿ ಏನೋ ಒತ್ತಿಕೊಂಡು ನಿಂತಿತ್ತು. ಅದು ಕುರಿಯೋ, ನೆರಳೋ. ಏರಿ ಬಳಸಿ ಹೋದರೆ ಎಷ್ಟು ದೂರ?

"ಚಾ ತಗಳವ್ವ ಮೊದ್ಲು" ಎಂದಳು ಏಕನಾಥಮ್ಮ, ಲೋಟ ಚಾಚಿ. "ಬೆಳಿಗ್ಗಿಂದ ಹೊಟ್ಟಿಗೆ ಏನೂ ಹಾಕಿಲ್ಲ ಅಂತ ಮಕ ನೋಡಿದ್ರೇ ಗೊತ್ತಾಗ್ತೈತೆ. ಒಂದು ರೊಟ್ಟಿ ಮುರ್ಕ. ಆಗಿದ್ದು ಆಗಿಹೋತು. ನಿಮ್ಮ ಚಿಗಪ್ಪ ಏನೂ ಅನ್ನಲ್ಲ, ನಾನೈದೀನಿ."

ಪಾಪಣ್ಣ ಮೂಲೆಯ ಏಳು ಕುರಿಗಳ ಕಡೆ ನೋಡುತ್ತಿದ್ದ. ಒಂದರ ಹೊಟ್ಟೆಗೆ ಅಂಗೈ ಒತ್ತಿ, ಇನ್ನೂ ಏನೂ ತಿಳಿಯುವ ಹೊತ್ತಲ್ಲವೆಂದು ಗೊತ್ತಿದ್ದೂ, ಕೈ ಅಲ್ಲೇ ಇಟ್ಟಿದ್ದ.

"ಲೇ ಜಯ," ಎಂದ, ತಿರುಗದೆ. "ನೀನು ಓದಿದೋಳು. ಇವು ನಿಲ್ತಾವೇನೇ? ಸುಮ್ನೆ ಸಮಾಧಾನಕ್ಕೆ ಹೇಳ್ಬ್ಯಾಡ. ನಿಲ್ತಾವೋ, ಕಂದು ಹಾಕ್ತಾವೋ, ಇದ್ದಂಗೆ ಹೇಳು. ಯಾವಾಗ ಗೊತ್ತಾಗ್ತೈತೆ? ಮುಂದಿನ ಅಮಾಸಿಗಾ? ಅಲ್ಲೀಗಂಟ ಇವನ್ನ ದೂರ ಹೊಡಿಯಾದು ಬ್ಯಾಡವಾ? ನಾಳೆ ನಾಡಿದ್ದರಾಗೆ ಆ ಕಡೆ ಹೊಲಕ್ಕೆ ಹೋಗಾಣ ಅಂತಿದ್ವಿ…"

ಅವಳು ಕಾರ್ಡನ್ನು ಚಿಕ್ಕಪ್ಪನ ಫೋನಿನಿಂದ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು. ಚಹಾದ ಲೋಟವನ್ನು ಕಲ್ಲಿನ ಮೇಲಿಟ್ಟಳು.

"ಹೇಳೇ," ಎನ್ನುತ್ತಿದ್ದ ಪಾಪಣ್ಣ, "ಬಿಸಿಲಿಗೆ ಬಿಡ್ಲಾ, ನೆರಳಿಗೆ ಕಟ್ಲಾ…"

ಜಯಶೀಲಾ ಆಗಲೇ ಬಲೆ ದಾಟಿ, ಕೂಳೆಗಳ ನಡುವೆ, ಏರಿಯ ಕಡೆ ನಡೆದುಬಿಟ್ಟಿದ್ದಳು.